ಗಟ್ಟಿ ಲೋಹಕ್ಕೆ ಮೆತ್ತನೆ ಕಲ್ಲು: ವರ್ಕ್‌ಶಾಪ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಗ್ರೈಂಡಿಂಗ್ ವೀಲ್ (ಸಾಣೆ ಕಲ್ಲು, ಅಂಗಡಿ ಭಾಷೇಲಿ ಸ್ಟೋನ್) ಬಗ್ಗೇನೆ. ಅದ್ರಲ್ಲೂ ಸುಮಾರು ಜನ ಕೇಳಿರೋದು "ಯಾವ ಕಂಪನಿ ಸ್ಟೋನ್ ಒಳ್ಳೇದು ಸರ್?" ಅಂತ ಒಂದೇ ಸಾಲು. ಕಂಪನಿ ಹೆಸರು ಆಮೇಲೆ ನೋಡ್ಕೊಳ್ಳೋಣ. ಯಾವ ಲೋಹ, ಮಷಿನ್ ಆರ್‌ಪಿಎಂ ಎಷ್ಟು, ಕೂಲೆಂಟ್ ಬಿಡ್ತೀರೋ ಒಣಗೇ ಹಿಡೀತೀರೋ, ಈ ಮೂರು ಬರೀದೇ ಇದ್ರೆ ಯಾರು ಏನು ಹೇಳಿದ್ರೂ ಅದು ಅಂದಾಜೇ. ಇದನ್ನೆಲ್ಲ ಬರೆದವರಿಗೆ ಮೊದಲು ಉತ್ತರ ಕೊಟ್ಟಿದೀನಿ.

ಪ್ರಶ್ನೆ: ನಮ್ಮದು ಚಿಕ್ಕ ಟೂಲ್ ರೂಮು ಸರ್, ಎರಡು ಲೇತ್, ಒಂದು ಮಿಲ್ಲಿಂಗ್, ಒಂದು 8 ಇಂಚಿನ ಬೆಂಚ್ ಗ್ರೈಂಡರ್ ಇದೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಬಿಟ್, ಅಂದ್ರೆ ಲೇತ್‌ನ ಕತ್ತರಿಸೋ ಉಳಿ, ಹಿಡಿದ್ರೆ ತುದಿ ನೀಲಿ ಆಗತ್ತೆ, ಸ್ಟೋನ್ ಪಳಪಳ ಹೊಳೆಯತ್ತೆ ಆದ್ರೆ ಕಟ್ ಆಗಲ್ಲ. ಎಸ್‌ಜೆಪಿ ರೋಡಲ್ಲಿ ಅಂಗಡಿಯವರನ್ನ ಕೇಳಿದ್ರೆ ಇನ್ನೂ ಹಾರ್ಡ್ ಇರೋದು ತಗೊಳ್ಳಿ, ಬಾಳಿಕೆ ಬರತ್ತೆ ಅಂದ್ರು. ತಗೊಳ್ಳಲಾ?
(ಪೀಣ್ಯದಿಂದ ಒಬ್ಬ ಓದುಗರು)

ತಗೋಬೇಡಿ. ಅವರು ಹೇಳಿದ್ದು ಪೂರ್ತಿ ಉಲ್ಟಾ.

ವೀಲ್ ಒಳಗೆ ಇರೋದು ಮೂರೇ: ಕತ್ತರಿಸೋ ಕಾಳು, ಆ ಕಾಳುಗಳನ್ನ ಹಿಡ್ಕೊಂಡಿರೋ ಬಾಂಡ್, ಮಧ್ಯದಲ್ಲಿ ಖಾಲಿ ಜಾಗ. ಕಾಳು ಮೊಂಡಾದಾಗ ಅದರ ಮೇಲೆ ಒತ್ತಡ ಜಾಸ್ತಿ ಆಗಿ ಬಾಂಡ್ ಅದನ್ನ ಬಿಟ್ಟುಬಿಡಬೇಕು, ಹಿಂದೆ ಇರೋ ಹೊಸ ಚೂಪು ಕಾಳು ಮುಂದೆ ಬರಬೇಕು, ವೀಲ್ ಕೆಲಸ ಮಾಡೋದೇ ಹೀಗೆ. ಲೇಬಲ್ ಮೇಲೆ ಗ್ರೇಡ್ ಅಂತ ಇರೋ ಅಕ್ಷರ ಇದ್ಯಲ್ಲ, ಎ ಇಂದ ಝಡ್ ತನಕ (ಎ ತೀರಾ ಮೆತ್ತಗೆ, ಝಡ್ ತೀರಾ ಗಟ್ಟಿ), ಅದು ಕಾಳು ಎಷ್ಟು ಗಟ್ಟಿ ಅಂತ ಹೇಳೋದಲ್ಲ, ಬಾಂಡ್ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ ಅಂತ ಹೇಳೋದು. ಎಚ್‌ಎಸ್‌ಎಸ್ ಥರದ ಗಟ್ಟಿ ಲೋಹ ಕಾಳನ್ನ ಬೇಗ ಮೊಂಡು ಮಾಡತ್ತೆ, ಹಂಗಾಗಿ ಬೇಗ ಬಿಟ್ಟುಕೊಡೋ ಮೆತ್ತನೆ ಗ್ರೇಡ್ ಬೇಕು. ಮೈಲ್ಡ್ ಸ್ಟೀಲ್ ಥರದ ಮೆತ್ತನೆ ಲೋಹದಲ್ಲಿ ಕಾಳು ತುಂಬಾ ಹೊತ್ತು ಚೂಪಾಗೇ ಇರತ್ತೆ, ಅಲ್ಲಿ ಗಟ್ಟಿ ಗ್ರೇಡ್ ಹಾಕಿದ್ರೂ ನಡಿಯತ್ತೆ, ಕಲ್ಲೂ ಉಳಿಯತ್ತೆ. ನಿಮ್ಮ ಕಲ್ಲು ಹೊಳೀತಿದೆ ಅಂದ್ರೆ ಕಾಳೆಲ್ಲ ಸವೆದು ಚಪ್ಪಟೆ ಆಗಿದೆ, ಬಾಂಡ್ ಬಿಡ್ತಿಲ್ಲ, ಬರೀ ಉಜ್ಜಿ ಉಜ್ಜಿ ಬಿಸಿ ಮಾಡ್ತಿದೆ. ಇದಕ್ಕೇ ಗ್ಲೇಜ್ ಆಗೋದು ಅಂತಾರೆ. ಇನ್ನೂ ಹಾರ್ಡ್ ತಂದ್ರೆ ಇನ್ನೂ ಬೇಗ ಗ್ಲೇಜ್ ಆಗತ್ತೆ. ಬಾಳಿಕೆ ಬರತ್ತೆ ಅನ್ನೋದೇನೋ ನಿಜ, ಕೆಲಸ ಮಾಡದೇ ಇರೋ ಕಲ್ಲು ಸವೆಯೋದಾದ್ರೂ ಹೇಗೆ.

ಬೆಂಚ್ ಗ್ರೈಂಡರ್ ಜೊತೆ ಬಾಕ್ಸಲ್ಲಿ ಬರೋ ಬೂದು ಬಣ್ಣದ ಸ್ಟೋನ್‌ಗಳು ಸಾಮಾನ್ಯವಾಗಿ ಒರಟು ಕೆಲಸಕ್ಕೆ, ವೆಲ್ಡಿಂಗ್ ಬರ್ (ಅಂಚಲ್ಲಿ ಉಳಿಯೋ ಚೂಪು ಸಿಬಿರು) ತೆಗೆಯೋಕೆ, ಎಂಎಸ್ ಅಂದ್ರೆ ಮೈಲ್ಡ್ ಸ್ಟೀಲ್ ಹಿಡಿಯೋಕೆ ಅಂತ ಮಾಡಿರೋ ಗಟ್ಟಿ ಗ್ರೇಡ್‌ಗಳು. ಟೂಲ್ ಬಿಟ್‌ಗೆ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಹಾಕಿ. ಲೇಬಲ್ ಮೇಲೆ "ಎಎ 60 ಕೆ 5 ವಿ" ಥರ ಬರೆದಿರತ್ತೆ. ಮೊದಲನೇದು ಕಾಳಿನ ಜಾತಿ, 60 ಅನ್ನೋದು ಗ್ರಿಟ್ ಅಂದ್ರೆ ಕಾಳಿನ ಗಾತ್ರ (ನಂಬರ್ ದೊಡ್ಡದಾದಷ್ಟೂ ಕಾಳು ಸಣ್ಣದು), ಕೆ ಅನ್ನೋದು ಗ್ರೇಡ್, 5 ಅನ್ನೋದು ಕಾಳುಗಳು ಎಷ್ಟು ಒತ್ತೊತ್ತಾಗಿವೆ ಅಂತ, ಕೊನೇ ವಿ ಅಂದ್ರೆ ವಿಟ್ರಿಫೈಡ್, ಗಾಜು ಪಿಂಗಾಣಿ ಜಾತಿಯ ಬಾಂಡ್. ಬಿಳಿ ಕಾಳಿಗೆ ಒಂದು ಕಂಪನಿ ಎಎ ಅಂತ ಹಾಕಿದ್ರೆ ಇನ್ನೊಂದು ಡಬ್ಲ್ಯುಎ ಅಂತಲೋ 38ಎ ಅಂತಲೋ ಹಾಕತ್ತೆ, ಅದಕ್ಕೆ ಗಾಬರಿ ಆಗ್ಬೇಡಿ, ಉಳಿದಿದ್ದು ಓದೋ ಕ್ರಮ ಎಲ್ಲಾ ಕಡೆ ಒಂದೇ. ಟೂಲ್ ಬಿಟ್ ಒರಟಾಗಿ ಶೇಪ್ ಕೊಡೋಕೆ 46, ಫಿನಿಶ್‌ಗೆ 60 ಅಥವಾ 80, ಗ್ರೇಡ್ ಜೆ ಅಥವಾ ಕೆ ಸಾಕು.

ಹೊಸದು ತರೋಕೂ ಮುಂಚೆ ಇರೋ ಸ್ಟೋನ್‌ನ ಒಂದ್ಸಲ ಡ್ರೆಸ್ ಮಾಡಿ, ಅಂದ್ರೆ ಮೊಂಡು ಮುಖ ಕೆರೆದು ಹೊಸ ಚೂಪು ಕಾಳು ಹೊರಗೆ ತಂದು ನೋಡಿ, ಎಷ್ಟೋ ಕಡೆ ಡ್ರೆಸ್ಸರ್ ಅನ್ನೋದೇ ಇರಲ್ಲ, ತಿಂಗಳುಗಟ್ಲೆ ಅದೇ ಮೊಂಡು ಮುಖದ ಮೇಲೆ ಒತ್ತಿ ಒತ್ತಿ ಹಿಡೀತಿರ್ತಾರೆ. ಇನ್ನೊಂದು ವಿಷಯ, ಎಚ್‌ಎಸ್‌ಎಸ್ ನೀಲಿ ಆದ್ರೆ ಟೂಲ್ ಹೋಯ್ತು ಅಂತ ಅಳೋದು ಬೇಡ, ಅದು ಸುಮಾರು 600 ಡಿಗ್ರಿ ತನಕ ಗಟ್ಟಿತನ ಬಿಡಲ್ಲ. ಆದ್ರೆ ಕಾದಿರೋ ಎಚ್‌ಎಸ್‌ಎಸ್‌ನ ಚುಯ್ ಅಂತ ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಬರತ್ತೆ, ಆಮೇಲೆ ಕಟಿಂಗಲ್ಲಿ ತುದಿ ಚೂರ್ ಚೂರಾಗಿ ಉದುರತ್ತೆ. ಕೈ ಸುಡೋ ಹಾಗಾದ್ರೆ ಬಿಟ್ಟು ಆರೋಕೆ ಬಿಡಿ, ಅಷ್ಟೇ.

ಪ್ರಶ್ನೆ: ನಮ್ಮದು ಉದ್ಯಮಬಾಗದಾಗ ಕ್ರ್ಯಾಂಕ್ ಗ್ರೈಂಡಿಂಗ್ ಶಾಪ್ ಐತ್ರಿ. ಟ್ರ್ಯಾಕ್ಟರ್, ಟಿಪ್ಪರ್ ಕ್ರ್ಯಾಂಕ್ ಬರ್ತಾವ. ಈಗೀಗ ಗ್ರೈಂಡ್ ಮಾಡಿದ ಮ್ಯಾಲ ಜರ್ನಲ್ (ಬೇರಿಂಗ್ ಕೂಡೋ ದುಂಡನ ಭಾಗ) ಮ್ಯಾಲ ಕಂದು ಕಲಿ ಕಾಣಸ್ತಾವ. ಒಂದು ಕ್ರ್ಯಾಂಕ್ ಅಂತೂ ಗಾಡಿಗೆ ಹಾಕಿ ಸ್ವಲ್ಪ ದಿನಕ್ಕ ಮೂಲ್ಯಾಗ ಮುರದು ಬಂತು, ಗಿರಾಕಿ ನಮ್ಮ ಮ್ಯಾಲ ಹರಿಹಾಯ್ತಾನ. ವೀಲ್ ತಪ್ಪೋ, ನಮ್ಮ ಕೈ ತಪ್ಪೋ ಹೇಳ್ರಿ.
(ಬೆಳಗಾವಿಯಿಂದ)

ಎರಡೂ ಬೇರೆ ಬೇರೆ ರೋಗ ರೀ ಇವು. ಕಂದು ಕಲೆ ಬಿಸಿಯಿಂದ, ಮೂಲೇಲಿ ಮುರಿದಿದ್ದು ಬಹುಶಃ ವೀಲ್‌ನ ಅಂಚಿನಿಂದ.

ಮೊದಲು ಬಿಸಿ ವಿಚಾರ. ಕ್ರ್ಯಾಂಕ್‌ಗೆ ಸಾಮಾನ್ಯವಾಗಿ ಹಾಕೋದು ಅಲ್ಯೂಮಿನಿಯಂ ಆಕ್ಸೈಡ್, 54 ಅಥವಾ 60 ಗ್ರಿಟ್, ಗ್ರೇಡ್ ಎಲ್ ಇಂದ ಎನ್ ಒಳಗೆ, ವಿಟ್ರಿಫೈಡ್. ಟೂಲ್ ಬಿಟ್‌ಗೆ ಕೆ ಅಂದವರು ಇಲ್ಲಿ ಎಂ ಅಂತಾರಲ್ಲ ಅನ್ಕೋಬೇಡಿ. ದುಂಡನೆ ಜರ್ನಲ್‌ಗೆ ದುಂಡನೆ ವೀಲ್ ಮುಟ್ಟೋ ಜಾಗ ತುಂಬಾ ಕಿರಿದು, ಕಾಳಿನ ಮೇಲೆ ಒತ್ತಡ ಜಾಸ್ತಿ, ಮೆತ್ತನೆ ವೀಲ್ ಹಾಕಿದ್ರೆ ಸೈಜ್ ನಿಲ್ಲಲ್ಲ, ಅಂಚಿನ ಶೇಪ್ ಅಂತೂ ನಿಲ್ಲೋದೇ ಇಲ್ಲ. ಸರ್ಫೇಸ್ ಗ್ರೈಂಡಿಂಗಲ್ಲಿ, ಬೋರ್ ಒಳಗೆ ಗ್ರೈಂಡ್ ಮಾಡೋವಾಗ ಮುಟ್ಟೋ ಜಾಗ ಅಗಲ, ಅಲ್ಲಿ ಮೆತ್ತನೇದು ಬೇಕು. ನಿಮ್ಮ ವೀಲ್ ಪಿ, ಕ್ಯೂ ಅಂತಿದ್ರೆ ಅದೇ ಕಾರಣ ಇರಬಹುದು. ಎಂ ಅಂತಲೇ ಇದ್ರೆ ಡ್ರೆಸ್ಸಿಂಗ್ ನೋಡಿ. ಸಿಂಗಲ್ ಪಾಯಿಂಟ್ ಡೈಮಂಡ್‌ನ ತಿರುಗಿಸದೇ ಒಂದೇ ಕಡೆ ಸವೆಸಿ ಚಪ್ಪಟೆ ಮಾಡಿಟ್ಟಿರ್ತಾರೆ, ಆ ಚಪ್ಪಟೆ ಡೈಮಂಡ್ ವೀಲ್ ಮುಖಾನ ಚೂಪು ಮಾಡೋ ಬದಲು ಅರೆದು ನುಣ್ಣಗೆ ಮಾಡಿಬಿಡತ್ತೆ, ಮೇಲಿಂದ ನೋಡೋಕೆ ಡ್ರೆಸ್ ಆದಹಾಗೇ ಕಾಣತ್ತೆ, ಜಾಬ್ ಮಾತ್ರ ಸುಡತ್ತೆ. ಡೈಮಂಡ್‌ನ ವೀಲ್ ತಿರುಗೋ ದಿಕ್ಕಿಗೆ 10ರಿಂದ 15 ಡಿಗ್ರಿ ಓರೆ ಇಟ್ಟು ಆಗಾಗ ಹೋಲ್ಡರ್‌ನಲ್ಲಿ ತಿರುಗಿಸ್ತಾ ಇರಿ, ಒಂದು ಪಾಸ್‌ಗೆ 0.02, 0.03 ಎಂಎಂಗಿಂತ ಜಾಸ್ತಿ ತಗೀಬೇಡಿ, ಕೂಲೆಂಟ್ ಶುರುವಿನಿಂದಲೇ ಬಿಡಿ. ಒಣಗೇ ಶುರು ಮಾಡಿ ಮಧ್ಯದಲ್ಲಿ ನೆನಪಾಗಿ ನೀರು ಬಿಟ್ರೆ ಡೈಮಂಡ್ ಸೀಳಿಹೋಗತ್ತೆ, ಅದರ ರೇಟ್ ನಿಮಗೇ ಗೊತ್ತಲ್ಲ.

ಕೂಲೆಂಟ್ ನಳಿಗೆ ಎಲ್ಲಿಗೆ ಬೀಳ್ತಿದೆ ನೋಡಿ. ಬಹಳ ಕಡೆ ಅದು ಜರ್ನಲ್ ಮೇಲೆ ಸುಮ್ನೆ ಸ್ನಾನ ಮಾಡಿಸ್ತಿರತ್ತೆ, ವೀಲೂ ಜರ್ನಲೂ ಮುಟ್ಟೋ ಸಂದಿಗೆ ಹೋಗ್ತಾನೇ ಇರಲ್ಲ. ಕಂದು ಕಲೆ ಜರ್ನಲ್‌ನ ಬೆನ್ನಿನ ಮೇಲಲ್ಲದೆ ಪಕ್ಕದ ಗೋಡೆ ಹತ್ರ ಇದ್ರೆ, ಸೈಡ್ ವಾಲ್ ಸವರುವಾಗ ಒತ್ತಿದ್ದೀರಿ ಅಂತಲೇ ಅರ್ಥ, ಅಲ್ಲಿ ವೀಲ್‌ನ ಪಕ್ಕ ಪೂರ್ತಿ ಅಗಲಕ್ಕೆ ಮುಟ್ಟತ್ತೆ, ಬಿಸಿ ಹೋಗೋಕೆ ದಾರಿ ಇರಲ್ಲ. ನಿಧಾನ ಹೋಗಿ.

ಕಲೆಯನ್ನ ಎಮರಿ ಪಟ್ಟೀಲಿ ಉಜ್ಜಿ ತೆಗೆದು ಕೊಡೋ ಅಭ್ಯಾಸ ಇದ್ರೆ ದಯವಿಟ್ಟು ಬಿಡಿ. ಬಣ್ಣ ಹೋಗತ್ತೆ, ಕೆಳಗಿನ ಹಾಳಾದ ಪದರ ಅಲ್ಲೇ ಇರತ್ತೆ. ಸ್ವಲ್ಪ ಸುಟ್ಟಿದ್ರೆ ಆ ಜಾಗ ಮೆತ್ತಗಾಗಿರತ್ತೆ, ಜಾಸ್ತಿ ಸುಟ್ಟಿದ್ರೆ ಮತ್ತೆ ಹಾರ್ಡ್ ಆಗಿ ಪೆಡಸಾಗಿ ಬಿರುಕು ಬಿಟ್ಟಿರತ್ತೆ. ಗ್ರೈಂಡಿಂಗ್ ಬಿರುಕನ್ನ ಗುರುತು ಹಿಡಿಯೋದು ಸುಲಭ: ಗ್ರೈಂಡಿಂಗ್ ಗೀರು ಜರ್ನಲ್ ಸುತ್ತ ಉಂಗುರದಂತೆ ಇದ್ರೆ ಬಿರುಕು ಅದಕ್ಕೆ ಅಡ್ಡಡ್ಡ, ಅಂದ್ರೆ ಕ್ರ್ಯಾಂಕ್‌ನ ಉದ್ದಕ್ಕೆ, ಸಣ್ಣ ಸಣ್ಣ ಸಾಲಾಗಿ ಬರತ್ತೆ. ಬರಿಗಣ್ಣಿಗೆ ಸಿಗಲ್ಲ, ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್‌ಗೆ ಹಾಕಿದ್ರೆ ಎದ್ದು ಕಾಣತ್ತೆ. ಎಣ್ಣೆ ತೂತಿನ ಅಂಚು ಮೊದಲು ನೋಡಿ.

ಇನ್ನು ಮುರಿದಿದ್ದು. ಜರ್ನಲ್ ಮತ್ತು ವೆಬ್ (ಪಕ್ಕದ ಗೋಡೆ) ಸೇರೋ ಮೂಲೇಲಿ ಕಂಪನಿಯವರು ಒಂದು ದುಂಡನೆ ತಿರುವು ಕೊಟ್ಟಿರ್ತಾರೆ, ಫಿಲೆಟ್ ರೇಡಿಯಸ್. ವೀಲ್‌ನ ಎರಡೂ ಅಂಚನ್ನ ಅದೇ ರೇಡಿಯಸ್‌ಗೆ ರೇಡಿಯಸ್ ಡ್ರೆಸ್ಸರ್‌ನಲ್ಲಿ ದುಂಡಗೆ ಮಾಡ್ಕೋಬೇಕು. ಅಂಚು ಚೂಪಾಗೇ ಬಿಟ್ಟು ಇಳಿಸಿದ್ರೆ ಮೂಲೇಲಿ ಮೆಟ್ಟಿಲು ಬೀಳತ್ತೆ, ಕ್ರ್ಯಾಂಕ್ ತಿರುಚೋ ಬಾಗೋ ಬಲವೆಲ್ಲ ಅಲ್ಲೇ ಬಂದು ಕೂರತ್ತೆ, ಬಿರುಕು ಅಲ್ಲಿಂದಲೇ ಹೊರಡತ್ತೆ. ಹಾಗಂತ ರೇಡಿಯಸ್ ಬೇಕಿದ್ದಕ್ಕಿಂತ ದೊಡ್ಡದು ಮಾಡಿದ್ರೆ ಬೇರಿಂಗ್ ಶೆಲ್‌ನ ಅಂಚು ಅದರ ಮೇಲೆ ಹತ್ತಿ ಕೂತು ಸೀಜ್ ಆಗತ್ತೆ. ರೇಡಿಯಸ್ ಗೇಜ್ ಇಟ್ಟು ಗ್ರೈಂಡಿಂಗ್‌ಗೆ ಮುಂಚೆನೂ ಆಮೇಲೂ ಅಳೆದು ಬರ್ಕೊಳ್ಳಿ, ಗಿರಾಕಿ ಜಗಳಕ್ಕೆ ಬಂದಾಗ ತೋರಿಸೋಕೂ ಆಗತ್ತೆ.

ಮತ್ತೆ, 0.25, 0.50, 0.75, 1.00 ಎಂಎಂ ಅಂತ ಅಂಡರ್‌ಸೈಜ್ ಇಳಿಸ್ತೀರಲ್ಲ, ಆ ಕ್ರ್ಯಾಂಕ್ ಇಂಡಕ್ಷನ್ ಹಾರ್ಡನ್ (ಕರೆಂಟಿನ ಬಿಸಿಯಲ್ಲಿ ಮೇಲ್ಪದರ ಗಟ್ಟಿ ಮಾಡೋದು) ಆಗಿದ್ಯೋ ನೈಟ್ರೈಡ್ (ಸಾರಜನಕ ಹೀರಿಸಿ ಗಟ್ಟಿ ಮಾಡೋದು) ಆಗಿದ್ಯೋ ಮೊದಲು ತಿಳ್ಕೊಳ್ಳಿ. ಇಂಡಕ್ಷನ್ ಪದರ ದಪ್ಪ, ಕಂಪನಿ ಹೇಳಿದ ಸೈಜ್ ತನಕ ತೊಂದ್ರೆ ಇಲ್ಲ. ನೈಟ್ರೈಡಿಂಗ್ ಪದರ ತುಂಬಾ ತೆಳು, ಡಯಾಮೀಟರಲ್ಲಿ 0.50 ಇಳಿಸಿದ್ರೆ ಒಂದು ಪಕ್ಕಕ್ಕೆ 0.25 ಹೋಯ್ತು ಅಂತ ಲೆಕ್ಕ, ಗಟ್ಟಿ ಪದರದ ಬಹುಪಾಲು ವೀಲ್ ತಿಂದುಹಾಕಿರತ್ತೆ, ಮತ್ತೆ ನೈಟ್ರೈಡ್ ಮಾಡಿಸದೇ ಕೊಟ್ರೆ ಬೇಗ ಸವೆದು ವಾಪಸ್ ಬರತ್ತೆ. ಕೊನೆಗೆ ಪಾಲಿಶ್ ಮಾಡೋವಾಗ ಎಂಜಿನ್ ತಿರುಗೋ ದಿಕ್ಕಲ್ಲೇ ಮಾಡಿ, ಎಸ್‌ಜಿ ಐರನ್ (ಗುಂಡು ಗ್ರ್ಯಾಫೈಟ್ ಇರೋ ಬೀಡು ಕಬ್ಬಿಣ) ಕ್ರ್ಯಾಂಕ್‌ಗಂತೂ ಇದನ್ನ ತಪ್ಪಿಸಲೇಬೇಡಿ, ಇಲ್ಲಾಂದ್ರೆ ಕಣ್ಣಿಗೆ ಕಾಣದ ಸಣ್ಣ ಬರ್‌ಗಳು ಬೇರಿಂಗ್‌ನ ಕೆರೆದುಹಾಕತ್ವೆ.

ಸಂಜೆ ಮಷಿನ್ ಆಫ್ ಮಾಡೋವಾಗ ಕೂಲೆಂಟ್ ಮೊದಲು ನಿಲ್ಲಿಸಿ ವೀಲ್‌ನ ಸ್ವಲ್ಪ ಹೊತ್ತು ಖಾಲಿ ತಿರುಗೋಕೆ ಬಿಡಿ. ಒದ್ದೆ ವೀಲ್ ಹಂಗೇ ನಿಂತ್ರೆ ರಾತ್ರಿಯೆಲ್ಲ ನೀರು ಇಳಿದು ಕೆಳಭಾಗ ಭಾರ ಆಗತ್ತೆ, ಬೆಳಿಗ್ಗೆ ಬ್ಯಾಲೆನ್ಸ್ ತಪ್ಪಿ ಜರ್ನಲ್ ಮೇಲೆ ಅಲೆ ಅಲೆ ಮಾರ್ಕ್ ಬೀಳತ್ತೆ.

ಪ್ರಶ್ನೆ: ಕಳೆದ ವಾರ ಗೇಟಿನ ಕೆಲಸ ಮಾಡುವಾಗ ಕಟಿಂಗ್ ವೀಲ್ ತುಂಡಾಗಿ ಹಾರಿತು ಮಾರಾಯ್ರೆ, ಹುಡುಗನ ಕೈಗೆ ತಾಗಿದ್ದು, ಕಣ್ಣಿಗೆ ತಾಗಿದ್ರೆ? ವೀಲ್ ಹೊಸತೇ, ಹೋದ ಮಳೆಗಾಲಕ್ಕೆ ಮುಂಚೆ ತಂದು ಶೆಡ್ಡಿನಲ್ಲಿ ಇಟ್ಟದ್ದು. ಇನ್ನೊಂದು, ನಮ್ಮಲ್ಲಿ 4 ಇಂಚಿನ ಮಷಿನಿಗೆ ಗಾರ್ಡ್ ತೆಗೆದು 7 ಇಂಚಿನ ವೀಲ್ ಹಾಕುವವರು ಉಂಟು. ಅದು ಆಗ್ತದಾ?
(ಉಡುಪಿ ಹತ್ತಿರದ ಫ್ಯಾಬ್ರಿಕೇಶನ್ ಶಾಪ್)

ಎರಡನೇದಕ್ಕೆ ಮೊದಲು ಉತ್ತರ: ಆಗೋದಿಲ್ಲ. ಲೆಕ್ಕ ನೋಡಿ. ವೀಲ್‌ನ ಅಂಚು ಒಂದು ಸೆಕೆಂಡಿಗೆ ಎಷ್ಟು ಮೀಟರ್ ಓಡತ್ತೆ ಅನ್ನೋದೇ ಮುಖ್ಯ. ಎಂಎಂನಲ್ಲಿ ಡಯಾಮೀಟರ್, ಅದಕ್ಕೆ ಆರ್‌ಪಿಎಂ ಗುಣಿಸಿ, 3.14ರಿಂದ ಗುಣಿಸಿ, 60,000ದಿಂದ ಭಾಗಿಸಿ. 4 ಇಂಚಿನ ಮಷಿನ್ 11,000 ಆರ್‌ಪಿಎಂ ತಿರುಗತ್ತೆ ಅನ್ಕೊಳ್ಳಿ, 100 ಎಂಎಂ ವೀಲ್‌ನ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡತ್ತೆ. ಈ ಜಾತಿ ವೀಲ್‌ಗಳ ಮಿತಿ 80, ಆರಾಮಾಗಿದೆ. ಅದೇ ಮಷಿನ್‌ಗೆ 180 ಎಂಎಂ ಅಂದ್ರೆ 7 ಇಂಚು ಹಾಕಿದ್ರೆ ಸುಮಾರು 104 ಮೀಟರ್. ವೀಲ್‌ನ ಸೀಳೋ ಬಲ ಏರೋದು ವೇಗದ ವರ್ಗದ ಲೆಕ್ಕದಲ್ಲಿ, ಅಂದ್ರೆ ಮಿತಿಗಿಂತ ಹತ್ತಿರ ಹತ್ತಿರ 70 ಪರ್ಸೆಂಟ್ ಜಾಸ್ತಿ. 7 ಇಂಚಿನ ವೀಲ್ ಮೇಲೇ 8,500 ಆರ್‌ಪಿಎಂ ಅಂತ ದೊಡ್ಡದಾಗಿ ಪ್ರಿಂಟ್ ಮಾಡಿರ್ತಾರೆ, ನಮ್ಮವರು ಓದಲ್ಲ. ಅದರ ತೂತು ಸುಮಾರು 22 ಎಂಎಂ, 4 ಇಂಚಿಂದು 16, ಕೂರಲ್ಲ ಅಂತ ಗೊತ್ತಾಗೋಕೇ ಹಂಗೆ ಮಾಡಿರೋದು, ಅದಕ್ಕೂ ಬುಷ್ ಹಾಕಿ ಕೂರಿಸ್ತಾರೆ ಅಂದ್ರೆ ಏನು ಹೇಳೋದು. ಗಾರ್ಡೂ ಇಲ್ಲ ಬೇರೆ.

ಈಗ ನಿಮ್ಮ ವೀಲ್. ಕಟಿಂಗ್ ವೀಲ್‌ನ ಬಾಂಡ್ ರೆಸಿನ್, ಒಳಗೆ ಗ್ಲಾಸ್ ಫೈಬರ್ ಬಲೆ. ರೆಸಿನ್‌ಗೆ ತೇವ ಆಗಿಬರಲ್ಲ. ಕರಾವಳಿ ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನೆಲಕ್ಕೆ ತಾಗಿ ಇಟ್ಟಿದ್ರೆ ಅದು ಬಳಸದೇನೇ ಹಳೇದಾಗಿರತ್ತೆ. ಅದಕ್ಕೇ ಒಳ್ಳೇ ಕಂಪನಿಗಳು ನಡುವಿನ ತಗಡಿನ ಉಂಗುರದ ಮೇಲೆ ವಿ ಅಕ್ಷರದ ಜೊತೆ ತಿಂಗಳು ವರ್ಷ ಒತ್ತಿರ್ತಾರೆ, ಅದು ಎಕ್ಸ್‌ಪೈರಿ, ಸಾಮಾನ್ಯವಾಗಿ ತಯಾರಾಗಿ 3 ವರ್ಷಕ್ಕೆ. ಅಂಗಡೀಲಿ ಕೊಳ್ಳೋವಾಗ್ಲೇ ಉಂಗುರ ನೋಡಿ ತಗೊಳ್ಳಿ. ಡೇಟ್ ದಾಟಿದ್ರೆ, ಅಂಚು ಸೊಟ್ಟ ಆಗಿದ್ರೆ ಬಿಸಾಕಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ, ಎತ್ತರದ ಜಾಗದಲ್ಲಿ, ಚಪ್ಪಟೆಯಾಗಿ ಒಂದರ ಮೇಲೊಂದು ಇಡಿ. ಕಂಪ್ಲೇಂಟ್ ಕೊಡೋದಾದ್ರೆ ತುಂಡುಗಳು ಮತ್ತು ಆ ಉಂಗುರ ಎತ್ತಿಟ್ಕೊಳ್ಳಿ, ಅದಿಲ್ಲದೆ ಯಾರೂ ಕೇಳಲ್ಲ. ಆದ್ರೆ ಕಟಿಂಗ್ ವೀಲ್‌ನ ಓರೆ ಹಿಡಿದು ಗ್ರೈಂಡಿಂಗ್ ಮಾಡಿದ್ರಾ ಅಂತ ಹುಡುಗನ್ನೂ ಒಂದು ಮಾತು ಕೇಳಿ, ತೆಳು ವೀಲ್ ಒಡೆಯೋಕೆ ಅದೂ ದೊಡ್ಡ ಕಾರಣ. ಗ್ರೈಂಡಿಂಗ್‌ಗೆ 6 ಎಂಎಂ ದಪ್ಪದ್ದು ಬೇರೆ ಸಿಗತ್ತೆ.

ಸ್ಟೇನ್‌ಲೆಸ್ ರೇಲಿಂಗ್ ಕೆಲಸಾನೂ ಮಾಡ್ತೀರಿ ಅಂತ ಬರೆದಿದ್ದೀರಿ. ಅದಕ್ಕೆ ಐನಾಕ್ಸ್ ಅಂತ ಬರೆದಿರೋ ವೀಲ್ ಬೇರೆ ಇಟ್ಕೊಳ್ಳಿ, ಎಂಎಸ್ ಕತ್ತರಿಸಿದ ವೀಲನ್ನೇ ಅದಕ್ಕೂ ಮುಟ್ಟಿಸಿದ್ರೆ ಕಬ್ಬಿಣದ ಪುಡಿ ಅಂಟಿ ಸ್ವಲ್ಪ ದಿನಕ್ಕೆ ತುಕ್ಕಿನ ಚುಕ್ಕೆ ಏಳತ್ತೆ, ನಿಮ್ಮೂರ ಉಪ್ಪು ಗಾಳಿಗೆ ಇನ್ನೂ ಬೇಗ.

ಪ್ರಶ್ನೆ: ನಾನು ಐಟಿಐ ಫಿಟ್ಟರ್ ಎರಡನೇ ವರ್ಷ ಸರ್. ರಿಂಗ್ ಟೆಸ್ಟ್ ಅಂತ ಪುಸ್ತಕದಲ್ಲಿದೆ, ಯಾರೂ ಮಾಡಿ ತೋರಿಸಿಲ್ಲ. ಹೇಗೆ ಮಾಡೋದು, ಎಲ್ಲಾ ವೀಲ್‌ಗೂ ಮಾಡಬಹುದಾ?
(ದಾವಣಗೆರೆಯಿಂದ)

ಒಳ್ಳೇ ಪ್ರಶ್ನೆ ತಮ್ಮಾ. ವೀಲ್ ಒಣಗಿರಬೇಕು, ಧೂಳು ಇರಬಾರದು. ಚಿಕ್ಕದಾದ್ರೆ ತೂತಲ್ಲಿ ಬೆರಳು ತೂರಿಸಿ ತೂಗಾಡಿಸು, ದೊಡ್ಡದಾದ್ರೆ ಗಟ್ಟಿ ನೆಲದ ಮೇಲೆ ನಿಲ್ಲಿಸು. ಸ್ಕ್ರೂಡ್ರೈವರ್‌ನ ಮರದ ಹಿಡಿಯಿಂದ, ನಡುವೆ ಮೇಲಿಂದ ಕೆಳಕ್ಕೆ ಹೋಗೋ ನೇರ ಗೆರೆಯಿಂದ 45 ಡಿಗ್ರಿ ಆಚೆ ಈಚೆ, ಅಂಚಿಂದ ಒಂದೆರಡು ಇಂಚು ಒಳಗೆ ಮೆಲ್ಲಗೆ ತಟ್ಟು. ಟಣ್ ಅಂತ ಸ್ವಚ್ಛ ಸದ್ದು ಬಂದ್ರೆ ಸರಿ, ಡಬ್ ಅಂತ ಸತ್ತ ಸದ್ದು ಬಂದ್ರೆ ಒಳಗೆ ಬಿರುಕಿದೆ, ಹಾಕೋ ಹಾಗಿಲ್ಲ. ಸ್ವಲ್ಪ ತಿರುಗಿಸಿ ಇನ್ನೊಮ್ಮೆ ತಟ್ಟು. ಇದು ವಿಟ್ರಿಫೈಡ್‌ಗೆ ಮಾತ್ರ, ರೆಸಿನ್, ರಬ್ಬರ್ ಬಾಂಡ್ ವೀಲ್ ಚೆನ್ನಾಗಿದ್ರೂ ಸದ್ದು ಮಂದವೇ, ಅದರಲ್ಲಿ ಏನೂ ಗೊತ್ತಾಗಲ್ಲ.

ವೈವಾದಲ್ಲಿ ಕೇಳೋ ಇನ್ನೆರಡು ಹೇಳ್ತೀನಿ. ವೀಲ್‌ನ ಎರಡೂ ಪಕ್ಕ ಅಂಟಿಸಿರೋ ದಪ್ಪ ಕಾಗದ ಲೇಬಲ್ ಅಂತ ಕಿತ್ತು ಹಾಕಬಾರದು, ಅದು ಬ್ಲಾಟರ್, ಫ್ಲ್ಯಾಂಜ್‌ನ (ವೀಲನ್ನ ಎರಡೂ ಪಕ್ಕ ಒತ್ತಿ ಹಿಡಿಯೋ ತಟ್ಟೆ) ಒತ್ತಡ ಒಂದೇ ಕಡೆ ಬೀಳದ ಹಾಗೆ ಹಂಚೋದು ಅದೇ. ಎರಡೂ ಫ್ಲ್ಯಾಂಜ್ ಒಂದೇ ಅಳತೆ ಇರಬೇಕು, ವೀಲ್ ಡಯಾಮೀಟರ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಟೂಲ್ ರೆಸ್ಟ್‌ಗೂ ವೀಲ್‌ಗೂ ಸಂದಿ 3 ಎಂಎಂ ದಾಟಬಾರದು. ಬೆಂಚ್ ಗ್ರೈಂಡರ್‌ನ ಎಡಗಡೆ ನಟ್ ಉಲ್ಟಾ ಥ್ರೆಡ್, ಬಲಗಡೆ ಥರ ತಿರುಗಿಸಿ ಬಿಚ್ಚಲು ಹೋದ್ರೆ ಇನ್ನಷ್ಟು ಬಿಗಿಯತ್ತೆ. ಹೊಸ ವೀಲ್ ಹಾಕಿದ್ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸು, ಎದುರಿಗೆ ನಿಲ್ಲಬೇಡ. ಪ್ರತಿ ಗ್ರೈಂಡಿಂಗ್ ಮಷಿನ್ ಹತ್ರ ವೀಲ್‌ನ ಸುರಕ್ಷಿತ ವೇಗದ ನೋಟಿಸ್ ಹಾಕಿರಬೇಕು ಅಂತ 1948ರ ಫ್ಯಾಕ್ಟರೀಸ್ ಆ್ಯಕ್ಟ್‌ನ 30ನೇ ಸೆಕ್ಷನ್‌ನಲ್ಲೇ ಬರೆದಿದ್ರು, ನಿಮ್ಮ ವರ್ಕ್‌ಶಾಪಲ್ಲಿ ಇದ್ಯಾ ನೋಡು.

ಪ್ರಶ್ನೆ: ಗ್ಯಾರೇಜಿಗೆ ಸೆಕೆಂಡ್ ಹ್ಯಾಂಡ್ ವಾಲ್ವ್ ರಿಫೇಸರ್ (ಎಂಜಿನ್ ವಾಲ್ವಿನ ಮುಖ ಗ್ರೈಂಡ್ ಮಾಡೋ ಮಷಿನ್) ತಗೊಂಡೀನ್ರಿ. ವಾಲ್ವಿಗೆ, ಸೀಟಿಗೆ ಒಂದೇ ಸ್ಟೋನ್ ಸಾಕೇನು? ಅಲ್ಯೂಮಿನಿಯಂ ಹೆಡ್‌ನ ಗ್ರೈಂಡಿಂಗಲ್ಲೇ ಫೇಸ್ ಮಾಡಬಹುದೇನು?
(ಹುಬ್ಬಳ್ಳಿ, ಗೋಕುಲ ರಸ್ತೆ)

ಸಾಲೋದಿಲ್ರಿ. ವಾಲ್ವ್ ಮುಖಕ್ಕೆ ರಿಫೇಸರ್‌ನಲ್ಲಿ 80 ಆಸುಪಾಸಿನ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ವೀಲ್, ಎಣ್ಣೆ ಹರೀತಾ ಇರಬೇಕು, ಬಣ್ಣ ಬದಲಾಗೋ ಹಾಗೆ ಒತ್ತಬಾರದು. ಸೀಟ್ ಸ್ಟೋನ್ ಬೇರೆ, ಅದ್ರಲ್ಲೂ ಸೀಟು ಹಳೇ ಕಾಲದ ಕಾಸ್ಟ್ ಐರನ್ನೋ, ಗಟ್ಟಿ ಇನ್ಸರ್ಟೋ, ಸ್ಟೆಲೈಟ್ (ಕೋಬಾಲ್ಟ್ ಮಿಶ್ರಲೋಹ) ಜಾತಿಯೋ ನೋಡಿ ಸ್ಟೋನ್ ಬದಲಾಯಿಸ್ಬೇಕು, ಮೊದಲು ಹೇಳಿದ ನಿಯಮವೇ, ಸೀಟ್ ಗಟ್ಟಿಯಾದಷ್ಟೂ ಸ್ಟೋನ್ ಮೆತ್ತಗೆ. ಪ್ರತಿ ಸೀಟಿಗೂ ಮುಂಚೆ ಸ್ಟೋನ್‌ನ ಆ್ಯಂಗಲ್‌ಗೆ ಡ್ರೆಸ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಮೊದಲನೇ ಸೀಟ್ 45, ಕೊನೇದು ಇನ್ನೇನೋ ಆಗಿರತ್ತೆ. ಗೈಡ್ (ವಾಲ್ವ್ ಕಾಂಡ ಆಡೋ ಕೊಳವೆ) ಸವೆದಿದ್ರೆ ಮೊದಲು ಗೈಡ್ ಬದಲಾಯಿಸಿ, ಅದರೊಳಗೆ ಕೂತು ಸ್ಟೋನ್ ಹಿಡಿಯೋ ಕಡ್ಡಿ, ಪೈಲಟ್, ಅಲ್ಲಾಡ್ತಿದ್ರೆ ಎಂಥ ಸ್ಟೋನ್ ಹಾಕಿದ್ರೂ ಸೀಟ್ ದುಂಡಗೆ ಬರಲ್ಲ. ಸೀಟ್ 45 ಮಾಡಿ ಅದರ ಅಗಲ ಜಾಸ್ತಿ ಆದ್ರೆ ಮೇಲಿಂದ 30, ಕೆಳಗಿಂದ 60 ಡಿಗ್ರಿ ಸ್ಟೋನ್ ಹಾಕಿ ಕಿರಿದು ಮಾಡೋದು. ವಾಲ್ವ್ ಅಂಚಿನ ದಪ್ಪ ತೀರಾ ಕಡಿಮೆ ಆಗಿ ಚಾಕು ಥರ ಆಗಿದ್ರೆ ಗ್ರೈಂಡ್ ಮಾಡಿ ಉಳಿಸೋಕೆ ಹೋಗ್ಬೇಡಿ, ಎಕ್ಸಾಸ್ಟ್ ಕಡೆ ಸುಟ್ಟುಹೋಗತ್ತೆ, ಹೊಸದು ಹಾಕಿ.

ಒಂದು ಎಚ್ಚರ: ಕೆಲವು ಟರ್ಬೊ ಎಂಜಿನ್‌ಗಳ ಎಕ್ಸಾಸ್ಟ್ ವಾಲ್ವ್ ಒಳಗೆ ಟೊಳ್ಳು, ಸೋಡಿಯಂ ತುಂಬಿರ್ತಾರೆ. ಅಂಥದ್ದನ್ನ ಹಳೇ ವಾಲ್ವ್ ಸಿಕ್ಕಿತು ಅಂತ ಕಟಿಂಗ್ ವೀಲ್‌ನಲ್ಲಿ ತುಂಡು ಮಾಡಿ ಪಂಚ್ ಮಾಡ್ಕೊಳ್ಳೋಕೆ ಹೋಗ್ಬೇಡಿ, ನೀರು ಸೋಕಿದ್ರೆ ಸೋಡಿಯಂ ಹೊತ್ಕೊಂಡು ಸಿಡಿಯತ್ತೆ.

ಅಲ್ಯೂಮಿನಿಯಂ ಹೆಡ್ ಮಿಲ್ಲಿಂಗಲ್ಲೇ ಫೇಸ್ ಮಾಡಿಸಿ (ಯಾಕೆ ಅಂತ ಮುಂದಿನ ಉತ್ತರದಲ್ಲಿದೆ). ಕಾಸ್ಟ್ ಐರನ್ ಹೆಡ್, ಬ್ಲಾಕ್ ಆದ್ರೆ ಗ್ರೈಂಡಿಂಗ್ ಚೆನ್ನಾಗಿ ಬರತ್ತೆ, ಅದಕ್ಕೆ ಕಪ್ಪು ಸಿಲಿಕಾನ್ ಕಾರ್ಬೈಡ್.

ಪ್ರಶ್ನೆ: ಬೆಂಚ್ ಗ್ರೈಂಡರ್‌ನಲ್ಲಿ ಅಲ್ಯೂಮಿನಿಯಂ, ಹಿತ್ತಾಳೆ ಹಿಡಿಯಬಾರದು ಅಂತಾರೆ, ನಾವು ಹಿಡೀತಾನೇ ಇದೀವಿ, ಏನೂ ಆಗಿಲ್ಲ.
(ತುಮಕೂರು)

ಇಲ್ಲೀವರೆಗೆ. ಮೆತ್ತನೆ ಲೋಹ ಕರಗಿದಂತಾಗಿ ಕಲ್ಲಿನ ಖಾಲಿ ಸಂದಿಗಳಲ್ಲಿ ತುಂಬ್ಕೊಳ್ಳತ್ತೆ, ಮುಖ ಮುಚ್ಚಿಹೋಗತ್ತೆ, ಕಟ್ ಆಗಲ್ಲ ಅಂತ ನೀವು ಇನ್ನೂ ಒತ್ತುತೀರಿ, ಬಿಸಿ ಏರತ್ತೆ, ಒಳಗಿನ ಲೋಹ ಹಿಗ್ಗತ್ತೆ, ಕಲ್ಲು ಹಿಗ್ಗಲ್ಲ. ಒಡೆದ್ರೆ ಮೋಟರ್ ವೇಗದಲ್ಲೇ ಬರತ್ತೆ ತುಂಡು. ಅಲ್ಯೂಮಿನಿಯಂ ಪುಡಿ ಕಬ್ಬಿಣದ ಪುಡಿ ಜೊತೆ ಕಿಡಿ ಬೀಳೋ ಜಾಗದಲ್ಲಿ ಗುಡ್ಡೆ ಬಿದ್ರೆ ಬೆಂಕಿ ಭಯ ಬೇರೆ. ಫೈಲ್ ಹಾಕಿ, ಇಲ್ಲ ಬೆಲ್ಟ್ ಸ್ಯಾಂಡರ್‌ನಲ್ಲಿ ಮಾಡಿ, ಇಲ್ಲ ಫ್ಲ್ಯಾಪ್ ಡಿಸ್ಕ್.

ಪ್ರಶ್ನೆ: ಲೇತ್‌ನ ಕಾರ್ಬೈಡ್ ಟಿಪ್ ಟೂಲ್‌ಗೆ ಹಸಿರು ಸ್ಟೋನ್ ಸಾಕಾ, ಡೈಮಂಡೇ ಬೇಕಾ? ಡೈಮಂಡ್ ವೀಲ್ ತಗೊಂಡ್ರೆ ಎಚ್‌ಎಸ್‌ಎಸ್‌ಗೂ ಅದೇ ಹಾಕಬಹುದಲ್ವಾ, ಎಲ್ಲಕ್ಕಿಂತ ಗಟ್ಟಿ ಅಂತಾರಲ್ಲ.
(ಶಿವಮೊಗ್ಗ)

ಅಪರೂಪಕ್ಕೆ ಬ್ರೇಜ್ ಮಾಡಿದ (ಸ್ಟೀಲ್ ಹಿಡಿಗೆ ಕಾರ್ಬೈಡ್ ತುದಿ ಬೆಸೆದ) ಟೂಲ್ ಚೂಪು ಮಾಡೋರಿಗೆ ಹಸಿರು ಸಿಲಿಕಾನ್ ಕಾರ್ಬೈಡ್ ಸಾಕು, ಲೇಬಲ್ ಮೇಲೆ ಜಿಸಿ ಅಂತಿರತ್ತೆ, 80 ಅಥವಾ 100 ಗ್ರಿಟ್. ಬೇಗ ಸವೆಯತ್ತೆ, ಪುಡಿ ಜಾಸ್ತಿ, ಕಾರ್ಬೈಡ್ ಪುಡೀಲಿ ಕೋಬಾಲ್ಟ್ ಇರೋದ್ರಿಂದ ಮಾಸ್ಕ್ ಇಲ್ಲದೆ ಮಾಡ್ಬೇಡಿ. ಕೆಳಗಿನ ಸ್ಟೀಲ್ ಶ್ಯಾಂಕ್‌ಗೆ ಮೊದಲು ಸಾಧಾರಣ ಸ್ಟೋನ್‌ನಲ್ಲಿ ಕ್ಲಿಯರೆನ್ಸ್ ಕೊಟ್ಟು ಆಮೇಲೆ ಟಿಪ್ಪನ್ನ ಮಾತ್ರ ಹಸಿರಿಗೆ ಹಿಡೀರಿ. ಸಿಲಿಕಾನ್ ಕಾರ್ಬೈಡ್‌ದು ತಮಾಷೆ ಕಥೆ, 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡೋ ಪ್ರಯತ್ನದಲ್ಲಿ ಕುಲುಮೆಯಲ್ಲಿ ಸಿಕ್ಕಿದ್ದು ಅದು, ವಜ್ರ ಸಿಗಲಿಲ್ಲ, ಆದ್ರೆ ಕಾರ್ಬೊರಂಡಮ್ ಅನ್ನೋ ಹೆಸರು ನಮ್ಮ ಸಾಣೆ ಕಲ್ಲಿನ ಅಂಗಡಿ ತನಕ ಬಂತು.

ದಿನಾ ಕಾರ್ಬೈಡ್ ಕೆಲಸ ಇದ್ರೆ ಡೈಮಂಡ್ ಕಪ್ ವೀಲ್ ತಗೊಳ್ಳಿ. ಆದ್ರೆ ಅದನ್ನ ಸ್ಟೀಲ್‌ಗೆ ಮುಟ್ಟಿಸ್ಬೇಡಿ. ವಜ್ರ ಅಂದ್ರೆ ಇಂಗಾಲ, ಕಾದ ಕಬ್ಬಿಣ ಇಂಗಾಲವನ್ನ ಹೀರತ್ತೆ, ಕಾಳು ಬೇಗ ಸವೆದುಹೋಗತ್ತೆ. ಗಟ್ಟಿ ಸ್ಟೀಲ್‌ಗೆ, ಎಚ್‌ಎಸ್‌ಎಸ್‌ಗೆ ಅಂತಲೇ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಇದೆ, ವಜ್ರ ಬಿಟ್ರೆ ಗಟ್ಟಿತನದಲ್ಲಿ ಅದೇ, ಕಬ್ಬಿಣದ ಜೊತೆ ಜಗಳ ಇಲ್ಲ. 1957ರಲ್ಲಿ ಲ್ಯಾಬಲ್ಲಿ ಆಯ್ತು, 1969ರಲ್ಲಿ ಮಾರ್ಕೆಟ್ಟಿಗೆ ಬಂತು. ದುಬಾರಿ, ಚಿಕ್ಕ ಶಾಪ್‌ಗೆ ಹಾಕಿದ ದುಡ್ಡು ಹುಟ್ಟಲ್ಲ. ಬೇಕೇ ಬೇಕು ಅನ್ನೋರಿಗೆ ಈ ಡೈಮಂಡ್, ಸಿಬಿಎನ್ ವೀಲ್‌ಗಳನ್ನ ಮಾಡೋ ಕಾರ್ಖಾನೆ ಬೆಂಗಳೂರಿನ ಪಕ್ಕ ಹೊಸೂರಲ್ಲೇ ಇದೆ, ದೂರ ಹೋಗ್ಬೇಕಿಲ್ಲ.

ಪ್ರಶ್ನೆ: ಮಚ್ಚು, ಕುಡ್ಲು ಎಲ್ಲ ಮನೇಲೇ ಮಿಷನ್‌ಗೆ ಹಿಡೀತೀವಿ. ಕಬ್ಬು ಕಡಿಯಕ್ಕೆ ಹೋದ್ರೆ ಅರ್ಧ ದಿನಕ್ಕೇ ಮೊಂಡು. ಮುಂಚೆ ಕಲ್ಲಲ್ಲಿ ಮಸೀತಿದ್ದಾಗ ಹಿಂಗಾಯ್ತಿರ್ಲಿಲ್ಲ.
(ಮಂಡ್ಯ ಜಿಲ್ಲೆ, ಮದ್ದೂರು ಕಡೆಯವರು)

ಹದ ಹೋಗಿದೆ ಅಣ್ಣ. ಮಚ್ಚೆಲ್ಲ ಹೆಚ್ಚಾಗಿ ಲಾರಿ ಸ್ಪ್ರಿಂಗ್ ಪಟ್ಟೀಲಿ ಮಾಡಿರ್ತಾರೆ, ಎಚ್‌ಎಸ್‌ಎಸ್ ಥರ ಬಿಸಿ ತಡ್ಕೊಳ್ಳಲ್ಲ. ಅಂಚು ಒಣಹುಲ್ಲಿನ ಬಣ್ಣಕ್ಕೆ ಬಂತು ಅಂದ್ರೆ 220, 230 ಡಿಗ್ರಿ ಮುಟ್ಟಿದೆ, ನೀಲಿ ಆಯ್ತು ಅಂದ್ರೆ 300ರ ಹತ್ರ, ಅಷ್ಟೊತ್ತಿಗೆ ಅಂಚು ಮೆತ್ತಗಾಗೋಯ್ತು. ತೆಳು ಅಂಚು ಕಣ್ಣು ಮಿಟುಕಿಸೋದ್ರೊಳಗೆ ಕಾಯತ್ತೆ. ಬಿಳಿ ಸ್ಟೋನ್ ಹಾಕ್ಸಿ, 60 ನಂಬರು, ಒಂದೇ ಕಡೆ ನಿಲ್ಲಿಸದೇ ಉದ್ದಕ್ಕೂ ಎಳೀರಿ, ಪ್ರತಿ ಎಳೆತಕ್ಕೂ ನೀರಿಗೆ ಅದ್ದಿ (ಮೇಲೆ ಬೇಡ ಅಂದಿದ್ದು ಎಚ್‌ಎಸ್‌ಎಸ್‌ಗೆ, ಇದು ಬೇರೆ ಸ್ಟೀಲು). ಅಂಚು ಪೂರ್ತಿ ಚೂಪಾಗೋ ತನಕ ಮಿಷನ್‌ನಲ್ಲೇ ತಗೋಬೇಡಿ, ಕೂದಲೆಳೆಯಷ್ಟು ಉಳಿಸಿ ಕೊನೇದು ಹಳೇ ಥರಾನೇ ಕೈಯಲ್ಲಿ ನೀರು ಹಾಕಿ ಮಸೀರಿ. ಈಗಾಗ್ಲೇ ನೀಲಿ ಆಗಿರೋದಕ್ಕೆ ಆ ಬಣ್ಣ ದಾಟೋ ತನಕ ನಿಧಾನವಾಗಿ ಇಳಿಸ್ಬೇಕು, ಇಲ್ಲ ಕುಲುಮೆಯೋರ ಹತ್ರ ಮತ್ತೆ ಹದ ಹಾಕಿಸ್ಬೇಕು.

ಪ್ರಶ್ನೆ: 8 ಇಂಚಿನ ಸ್ಟೋನ್ ಸವೆದು 6 ಇಂಚಿಗೆ ಬಂದಿದೆ. ಈಗ ಬೇಗ ಬೇಗ ಸವೀತಿದೆ. ಡೂಪ್ಲಿಕೇಟ್ ಮಾಲಾ?
(ಹಾಸನ)

ಅಲ್ಲ. 2,880 ಆರ್‌ಪಿಎಂ ಮೋಟರ್‌ಗೆ 200 ಎಂಎಂ ಇದ್ದಾಗ ಅಂಚಿನ ವೇಗ ಸೆಕೆಂಡಿಗೆ 30 ಮೀಟರ್, 150ಕ್ಕೆ ಬಂದ್ರೆ 22.6. ವೇಗ ಕಮ್ಮಿ ಆದ್ರೆ ಪ್ರತಿ ಕಾಳಿನ ಮೇಲೂ ಹೊರೆ ಜಾಸ್ತಿ ಬಿದ್ದು ಅದೇ ಕಲ್ಲು ಒಂದೆರಡು ಗ್ರೇಡ್ ಮೆತ್ತಗಿದ್ದ ಹಾಗೆ ನಡ್ಕೊಳ್ಳತ್ತೆ. ಎಚ್‌ಎಸ್‌ಎಸ್ ಹಿಡಿಯೋಕೆ ಅದೇ ಚೆನ್ನಾಗಿರತ್ತೆ, ಕೆಲವು ಹಳೇ ಟರ್ನರ್‌ಗಳು ಅದಕ್ಕೇ ಸವೆದ ಸ್ಟೋನ್ ಎತ್ತಿಟ್ಕೊಳ್ತಾರೆ. ಆದ್ರೆ ಚಿಕ್ಕದಾಯ್ತಲ್ಲ ಅಂತ ಜಾಸ್ತಿ ಆರ್‌ಪಿಎಂ ಇರೋ ಬೇರೆ ಮಷಿನ್‌ಗೆ ಹಾಕಬೇಡಿ, ಲೇಬಲ್ ಮೇಲಿರೋ ಆರ್‌ಪಿಎಂ ಸವೆದ್ಮೇಲೂ ಅಷ್ಟೇ. ಫ್ಲ್ಯಾಂಜ್ ಹತ್ರ ಬಂದಾಗ ತೆಗೆದು ಒಡೆದುಬಿಡಿ, ತುಂಡುಗಳು ಕೈಯಲ್ಲಿ ಬರ್ ಉಜ್ಜೋಕೆ ಆಗತ್ತೆ. ಇಡೀ ಕಲ್ಲು ಮೂಲೇಲಿ ಬಿಟ್ರೆ ಯಾರಾದ್ರೂ ಹುಡುಗರು ಎತ್ಕೊಂಡು ಹೋಗಿ ಏಂಗಲ್ ಗ್ರೈಂಡರ್‌ಗೆ ಕೂರಿಸ್ತಾರೆ.